ಹಿತ್ತಲಲ್ಲಿ ಹಿಮ ಅಳೆಯುವವರ ಅಂಕಿಯೂ ಬರಲಿ

ಮಾನ್ಯರೇ,

ಅಮೆರಿಕದ ಬಫಲೋ ನಗರದಲ್ಲಿ ಹಿಮ ಬಿದ್ದ ಸುದ್ದಿಗೆ ನಿಮ್ಮ ಪತ್ರಿಕೆ ಇಡೀ ಊರಿಗೆಲ್ಲ ಒಂದೇ ಅಂಕಿ ಕೊಟ್ಟರೆ ಸಾಲದು. ಊರಿನ ಪಕ್ಕದ ಈರಿ ಸರೋವರದ ಮೇಲಿಂದ ಬರುವ ಹಿಮದ ಮೋಡ ಸಣ್ಣ ಪಟ್ಟಿಯ ಹಾಗಿರುತ್ತದೆ. 2014ರ ನವೆಂಬರ್‌ನಲ್ಲಿ ದಕ್ಷಿಣದ ಬಡಾವಣೆಗಳಲ್ಲಿ ಐದು ಅಡಿಗೂ ಜಾಸ್ತಿ, ಕೆಲವೇ ಮೈಲಿ ಉತ್ತರಕ್ಕೆ ಬರೀ ಕೆಲವು ಇಂಚು! ಇದು ಗೊತ್ತಾಗುವುದು ಹಿತ್ತಲಲ್ಲಿ ಬಿಳಿ ಹಲಗೆ ಇಟ್ಟು, ಅದರ ಮೇಲೆ ಕೂತ ಹಿಮಕ್ಕೆ ಸ್ಕೇಲ್ ಚುಚ್ಚಿ ಬರೆದುಕೊಂಡು, ಹಲಗೆ ಒರೆಸಿ ಮತ್ತೆ ಇಡುವ ಹವ್ಯಾಸಿಗಳಿಂದ. 1998ರಲ್ಲಿ ಕೊಲರಾಡೊದಲ್ಲಿ ಶುರುವಾದ ಕೋಕೋರಾಸ್ ಎಂಬ, ಮಳೆ-ಹಿಮ ಅಳೆಯುವ ಹವ್ಯಾಸಿಗಳ ಬಳಗದಲ್ಲಿ ಇಂಥವರು ಸಾವಿರಾರು ಮಂದಿ (ಸಂಬಳ ಇಲ್ಲ, ಬೆಳಗಿನ ಚಳಿ ಮಾತ್ರ). ಅವರ ಅಳತೆ ಯಾರು ಬೇಕಾದರೂ ನೋಡಬಹುದು. ಮುಂದಿನ ಸಲ ಒಂದೆರಡು ಬಡಾವಣೆಗಳ ಅಂಕಿಯನ್ನೂ ಹಾಕಿ. ಅಲ್ಲಿರುವ ಮಗಳು ಊರಿನ ಯಾವ ದಿಕ್ಕಿನಲ್ಲಿದ್ದಾಳೆ ಅಂತ ಮ್ಯಾಪ್ ಹಿಡಿದು ಕೂರುವ ಅಪ್ಪ ಅಮ್ಮ ಇಲ್ಲೂ ಇದ್ದೇವೆ ಅಲ್ವಾ?

– ಓದುಗ, ಮೈಸೂರು