ಮುಳ್ಳಯ್ಯನಗಿರಿ ಪ್ರವಾಸ: ಆಧಾರ್ ಫೋಟೊ ಗುಂಪಿನಲ್ಲಿ ಹಾಕಬೇಡಿ

ಎಲ್ಲರಿಗೂ ನಮಸ್ಕಾರ. ಹೋಮ್‌ಸ್ಟೇಗೆ ಬೇಕು ಅಂತ ನಿನ್ನೆಯಿಂದ ಕೆಲವರು ಆಧಾರ್ ಫೋಟೊ ಇಲ್ಲೇ ಹಾಕಿದ್ದೀರಿ. ದಯವಿಟ್ಟು ಈಗಲೇ ಡಿಲೀಟ್ ಮಾಡಿ. ಬರೀ ನಿಮ್ಮ ಫೋನಿನಿಂದ ಅಳಿಸಿದರೆ ಸಾಲದು, ಎಲ್ಲರ ಫೋನಿನಿಂದಲೂ ಹೋಗಬೇಕು. ಕೊಡಲೇಬೇಕಾದರೆ ಮಾಸ್ಕ್ಡ್ ಆಧಾರ್ ಕೊಡಿ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ವೆಬ್‌ಸೈಟಿನಲ್ಲಿ ಸಿಗುತ್ತದೆ, ನಂಬರಿನ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ.

ವಾಟ್ಸಾಪ್ ಗುಟ್ಟಾಗಿರುತ್ತಲ್ವಾ ಅಂತ ರಾಯರು ಕೇಳಿದ್ದರು. ನಾವು ಬರೆದದ್ದನ್ನು ಕಂಪನಿ ಓದಲಾಗದು, ಅಷ್ಟು ನಿಜ. ಆದರೆ ಯಾರು ಯಾರಿಗೆ, ಎಷ್ಟು ಹೊತ್ತಿಗೆ ಮೆಸೇಜ್ ಕಳಿಸಿದರು ಅನ್ನೋದು ಅವರಿಗೆ ತಿಳಿಯುತ್ತದೆ. ಇದೇನು ಸಣ್ಣ ವಿಷಯವಲ್ಲ. ಅಮೆರಿಕ ಸರ್ಕಾರ ತನ್ನ ಜನರ ಫೋನ್ ಕರೆಗಳ ಪಟ್ಟಿಯನ್ನೇ ರಾಶಿ ರಾಶಿ ಕೂಡಿಹಾಕುತ್ತಿತ್ತು ಅಂತ 2013ರಲ್ಲಿ ಅಲ್ಲಿನ ಗುಪ್ತಚರ ಸಂಸ್ಥೆಗೆ ಕೆಲಸ ಮಾಡುತ್ತಿದ್ದ ಸ್ನೋಡೆನ್ ಬಯಲು ಮಾಡಿದ್ದು. ಮಾತು ಬೇಕಾಗಿಯೇ ಇರಲಿಲ್ಲ, ಪಟ್ಟಿ ಸಾಕಿತ್ತು.

ಬಿ.ಎಂ. ರಸ್ತೆಯ ಅಂಗಡಿಗಳಲ್ಲಿ ಬಿಲ್ಲಿಗೆ ಮೊಬೈಲ್ ನಂಬರ್ ಕೇಳಿದರೂ ಕೊಡಲೇಬೇಕೆಂದಿಲ್ಲ. ಒತ್ತಾಯ ಮಾಡಬಾರದು ಅಂತ ಕೇಂದ್ರ ಗ್ರಾಹಕ ಇಲಾಖೆ 2023ರಲ್ಲೇ ಹೇಳಿದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದೂ ನಮ್ಮವರೇ ಹಾಕಿದ ಕೇಸಿನಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರದು.

ಹೋಮ್‌ಸ್ಟೇಯವರ ಹತ್ತಿರ ಮಾತಾಡಿದ್ದೇನೆ. ಕಾರ್ಡ್ ಅಲ್ಲೇ ತೋರಿಸಿದರೆ ಸಾಕಂತೆ. ಭಾನುವಾರ ಬೆಳಿಗ್ಗೆ 6ಕ್ಕೆ ಹಾಸನ ಬಿಡುತ್ತೇವೆ, ಸ್ವೆಟರ್ ಮರೆಯಬೇಡಿ.