ಎಯ್ಟ್ ಮೈಲ್ ರಸ್ತೆ ದಾಟುವಾಗ

ಮೈಸೂರು

ಚಿ. ಸೌ. ಸುಮಾಳಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಪತ್ರದಲ್ಲಿ ಮನೆ ಹುಡುಕಾಟದ ಸಂಭ್ರಮವೇ ಹೆಚ್ಚಾಗಿತ್ತು. ನನ್ನ ನಿದ್ದೆ ಕೆಡಿಸಿದ್ದು ಕೊನೆಯ ಒಂದು ಸಾಲು. ಎಯ್ಟ್ ಮೈಲ್ ರಸ್ತೆ ದಾಟಿ, ಕರಿಯರೇ ಹೆಚ್ಚಿರುವ ಡೆಟ್ರಾಯಿಟ್ ನಗರದೊಳಗೆ ಬಂದೊಡನೆ ನಿನ್ನ ಬೆರಳು ತಾನಾಗಿಯೇ ಕಾರಿನ ಲಾಕಿನ ಮೇಲೆ ಹೋಗುತ್ತದೆ, ಈಚೆಗೆ ಹಿಂದಿನ ಸೀಟಿನಿಂದ ಮಗುವೂ ‘ಅಮ್ಮಾ, ಲಾಕ್ ಮಾಡಿದೆಯಾ?’ ಎನ್ನುತ್ತಾನೆ ಎಂದು ಬರೆದಿದ್ದೀಯೆ. ಆರು ವರ್ಷದ ಹುಡುಗನಿಗೆ ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ, ಅಲ್ಲವೆ?

ನಿನ್ನನ್ನು ಗದರಿಸುವ ಹಕ್ಕು ನನಗಿಲ್ಲ. 1969ರಲ್ಲಿ ನಾನು ಅಮೆರಿಕದ ಆ ಊರಿಗೆ ಹೋದಾಗ, 43 ಜನರು ಸತ್ತ 1967ರ ಗಲಭೆ ಕಳೆದು ಎರಡು ವರ್ಷವಾಗಿತ್ತು. ಕೆಲಸಕ್ಕೆ ಸೇರಿದ ದಿನವೇ ಜೊತೆಯವರು ಊರಿನ ನಕ್ಷೆ ಬಿಡಿಸಿ, ಎಲ್ಲಿಗೆ ಹೋಗಬಾರದೆಂದು ತೋರಿಸಿದ್ದರು. ಕರಿಯರ ನಗರವನ್ನೂ ಬಿಳಿಯರ ಹೊರವಲಯವನ್ನೂ ಬೇರ್ಪಡಿಸಿದ ಎಯ್ಟ್ ಮೈಲ್ ಎಂಬ ಆ ಗೆರೆ ತಾನಾಗಿ ಹುಟ್ಟಿದ್ದಲ್ಲವೆಂದು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು. ಅದೇ ರಸ್ತೆಯ ದಕ್ಷಿಣಕ್ಕೆ, ಬರ್‌ವುಡ್ ಬೀದಿಯ ಹಿತ್ತಿಲುಗಳ ಸಾಲಿನಲ್ಲಿ, ಆರು ಅಡಿ ಎತ್ತರದ, ಅರ್ಧ ಮೈಲಿ ಉದ್ದದ ಗೋಡೆಯೊಂದು ಈಗಲೂ ಇದೆ. ಕರಿಯರ ವಸತಿಯ ಮಗ್ಗುಲಲ್ಲಿ ಬಿಳಿಯರಿಗೆ ಮನೆ ಕಟ್ಟಲು ಹೊರಟವನಿಗೆ ಸರ್ಕಾರದ ವಸತಿ ಸಂಸ್ಥೆ ಸಾಲದ ಖಾತರಿ ಕೊಡಲೊಪ್ಪದಿದ್ದಾಗ, 1941ರಲ್ಲಿ ಅವನು ಆ ಗೋಡೆ ಎತ್ತಿಸಿದ, ಖಾತರಿ ಸಿಕ್ಕಿತು. ಚುರುಕಾದ ಹುಡುಗನೊಬ್ಬ ಹತ್ತಿ ಇಳಿಯಬಹುದಾದ ಗೋಡೆಯದು. ತಡೆಯಬೇಕಾದದ್ದನ್ನೆಲ್ಲ ಬ್ಯಾಂಕಿನ ಕಾಗದಗಳು ತಡೆಯುತ್ತಿದ್ದವು.

1968ರ ಕಾನೂನಿನ ನಂತರ ಬಣ್ಣ ನೋಡಿ ಮನೆ ಇಲ್ಲವೆನ್ನುವಂತಿಲ್ಲ. ಆದ್ದರಿಂದಲೇ ಕರಿಯರು ಹೆಚ್ಚಿರುವ ಕಡೆ ಮನೆ ಕೇಳಿದರೆ ನಿನ್ನ ಏಜೆಂಟು ಬಣ್ಣದ ಮಾತೆತ್ತದೆ ‘ಶಾಲೆ ಚೆನ್ನಾಗಿಲ್ಲ’ ಎಂದಿರುವುದು. ಶಾಲೆಯ ಮಾತು ಪೂರ್ತಿ ಸುಳ್ಳಲ್ಲ. ನಗರದ ಮತ್ತು ಹೊರವಲಯದ ಮಕ್ಕಳನ್ನು ಬೆರೆಸಿ ಓದಿಸುವ ಯೋಜನೆಯನ್ನು 1974ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ನಾಲ್ಕರೆದುರು ಐದು ಮತಗಳಿಂದ ತಳ್ಳಿಹಾಕಿದ ಮೇಲೆ, ಗೆರೆಯ ಆಚೆಗೆ ಹೋದವರಿಗೆ ಹಿಂದಿರುಗಿ ನೋಡುವ ಕಾರಣವೇ ಉಳಿಯಲಿಲ್ಲ.

ಆಚೆಗೆ ಹೋದವರಲ್ಲಿ ನಾನೂ ಒಬ್ಬ. 1972ರಲ್ಲಿ ನಗರದ ವಾಯವ್ಯ ಭಾಗದಲ್ಲಿ ಮನೆ ಕೊಂಡಿದ್ದೆನೆಂಬುದು ನಿನಗೆ ಗೊತ್ತು. ಅದನ್ನು ಏಕೆ ಮಾರಿದೆನೆಂದು ನಿನ್ನ ಅಮ್ಮನಿಗೂ ಸರಿಯಾಗಿ ಹೇಳಿಲ್ಲ. ಮೂರು ಮನೆಗಳಾಚೆ ಕರಿಯರ ಕುಟುಂಬವೊಂದು ಬಂದಿತು. ಅದಾದ ಮೇಲೆ ರಾತ್ರಿ ಊಟದ ಹೊತ್ತಿಗೆ ಫೋನುಗಳು ಬರತೊಡಗಿದವು: ನಿಮ್ಮ ಬೀದಿ ಬದಲಾಗುತ್ತಿದೆ, ಬೆಲೆ ಬೀಳುವ ಮುಂಚೆ ಮಾರಿಬಿಡಿ. ಎಲ್ಲರೂ ಹೆದರಿ ಮಾರಿದ್ದರಿಂದಲೇ ಬೆಲೆ ಬಿದ್ದಿತು, ದಲ್ಲಾಳಿಗಳು ಎರಡೂ ಕಡೆ ಲಾಭ ಮಾಡಿಕೊಂಡರು. ಹೊಸಬರ ಮನೆಯ ಯಜಮಾನ ಆ ಚಳಿಗಾಲದಲ್ಲಿ, ನಾನು ರಾತ್ರಿ ಪಾಳಿಯಲ್ಲಿದ್ದಾಗ, ಕೇಳದೆಯೇ ನಮ್ಮ ಬಾಗಿಲ ಮುಂದಿನ ಹಿಮ ತೆಗೆದುಹಾಕಿದ್ದ. ಲಾರಿಗೆ ಸಾಮಾನು ಏರಿಸುವಾಗ ಬಂದು ನಿಂತು, ‘ನೀವೂ ಹೊರಟಿರಾ?’ ಎಂದ. ಆ ‘ಊ’ಕಾರ ಐವತ್ತು ವರ್ಷಗಳಿಂದ ನನ್ನ ಕಿವಿಯಲ್ಲಿದೆ. ಫೋನಿನಲ್ಲಿ ಖಾಲಿಯಿದ್ದ ಬಾಡಿಗೆ ಮನೆ ನನ್ನ ಮುಖ ಕಂಡೊಡನೆ ಭರ್ತಿಯಾಗಿಬಿಡುವುದನ್ನು ಅದಕ್ಕೆ ಮೂರೇ ವರ್ಷದ ಹಿಂದೆ ಅನುಭವಿಸಿದ್ದ ನಾನು ಅವನಿಗೆ ಏನೆಂದು ಉತ್ತರಿಸಲಿ? ಇಲ್ಲಿ ನಮ್ಮ ಬೀದಿಯಲ್ಲಿಯೂ ಬಾಡಿಗೆಗೆ ಬಂದವರನ್ನು ‘ವೆಜ್ಜಾ?’ ಎಂದು ಕೇಳುವುದು ಊಟದ ವಿಚಾರಕ್ಕಲ್ಲ ಎಂಬುದು ನಿನಗೆ ತಿಳಿಯದ್ದೇನಲ್ಲ.

ಎಲ್ಲಿ ಮನೆ ಕೊಳ್ಳಬೇಕೆಂದು ಹೇಳಲಾರೆ. ಹಣ ನಿಮ್ಮದು, ಮಗು ನಿಮ್ಮದು. ಎಯ್ಟ್ ಮೈಲಿನಾಚೆಯದಾದರೂ ಕರಿಯರೇ ಹೆಚ್ಚಿರುವ ಸೌತ್‌ಫೀಲ್ಡಿನಲ್ಲೂ ಒಂದೆರಡು ಮನೆ ನೋಡಿ, ಅಲ್ಲಿನ ಶಾಲೆಯೊಳಗೆ ಒಮ್ಮೆ ಹೋಗಿ ಬಂದರೆ ನಷ್ಟವೇನೂ ಇಲ್ಲವೆಂದು ತೋರುತ್ತದೆ. ಶನಿವಾರ ಹುಡುಗನನ್ನು ನಗರದೊಳಗಿನ ಈಸ್ಟರ್ನ್ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ ತರಕಾರಿ ಕೊಂಡು ತರಬಹುದೇನೋ. ಲಾಕ್ ಹಾಕಲೇಬೇಡ ಎನ್ನುವಷ್ಟು ಧೈರ್ಯ ನನಗೂ ಇಲ್ಲ, ಸುಮಾ. ಹಾಕುವುದಾದರೆ ಮನೆಯ ಮುಂದೆ ಕಾರು ಹೊರಡಿಸುವಾಗಲೇ ಹಾಕಿಬಿಡು, ಎಯ್ಟ್ ಮೈಲ್ ಬಂದಾಗ ಅವನಿಗೆ ಆ ಸದ್ದು ಕೇಳಿಸದಿರಲಿ.

ಇತಿ,
ನಿನ್ನ ಮಾವ