ನಾಲ್ಕು ಚೌಕ ಎಳೆದುಕೊಟ್ಟ ಮೇಡಂಗೆ

ಎಂ.ಜಿ. ರಸ್ತೆ ಹತ್ತಿರದ ಇಂಡಿಯನ್ ಕಾರ್ಟೂನ್ ಗ್ಯಾಲರಿಯಲ್ಲಿ ನನ್ನ ಜೊತೆ ಮಾತಾಡಿದ ಮೇಡಂ, ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಈ ಥ್ಯಾಂಕ್ಸ್ ನಿಮಗೆ.

ಕಾಲೇಜಿನಿಂದ ಇದ್ದ ಪ್ರೀತಿ ಮುರಿದುಬಿದ್ದ ಹೊಸತು. ಊಟ ಸೇರುತ್ತಿರಲಿಲ್ಲ. "ಮರೆತುಬಿಡು" ಅಂತ ಎಲ್ಲರೂ ಹೇಳುತ್ತಿದ್ದರು. ನೀವೊಬ್ಬರೇ ಹಾಗನ್ನಲಿಲ್ಲ. ಬ್ಯಾಗಿನಿಂದ ಚಿಕ್ಕ ನೋಟ್‌ಬುಕ್ ತೆಗೆದು, ಒಂದು ಹಾಳೆಯಲ್ಲಿ ನಾಲ್ಕು ಚೌಕ ಎಳೆದುಕೊಟ್ಟಿರಿ. "ದಿನಾ ರಾತ್ರಿ ಇಷ್ಟು ತುಂಬಿಸಮ್ಮ. ಇವತ್ತು ಏನಾಯ್ತೋ ಅದರ ಚಿತ್ರ ಬರಿ, ಸಾಕು. ಪೆನ್ನಲ್ಲೇ ಬರಿ, ಅಳಿಸೋಕೆ ಹೋಗಬೇಡ" ಅಂದಿರಿ. ಅಮೆರಿಕದ ಕಾರ್ಟೂನಿಸ್ಟ್ ಜೇಮ್ಸ್ ಕೊಚಾಲ್ಕಾ 1998ರಿಂದ 2012ರವರೆಗೆ ತಮ್ಮ ದಿನಚರಿಯನ್ನು ಹೀಗೇ ಕಾಮಿಕ್ಸ್ ಮಾಡಿದ್ದರು ಅಂತ ನಿಮ್ಮಿಂದಲೇ ತಿಳಿದದ್ದು.

ಮೊದಮೊದಲು ಎಲ್ಲ ಚೌಕದಲ್ಲೂ ಅವನೇ. ಫೋನ್ ನೋಡುತ್ತಾ ಕೂತ ನಾನು, ಬಾರದ ಮೆಸೇಜು. ಆಮೇಲೆ ನಿಧಾನಕ್ಕೆ ಬೇರೆಯವರು ಬಂದರು. ಸೊಪ್ಪಿನ ಅಜ್ಜಿ ಕೊತ್ತಂಬರಿ ಕಟ್ಟಿಗೆ ನೀರು ಚಿಮುಕಿಸಿದ್ದು. ಮೆಟ್ರೋದಲ್ಲಿ ಅಮ್ಮನ ಹೆಗಲ ಮೇಲೆ ನಿದ್ದೆ ಹೋದ ಮಗು, ಒಂದೇ ಕಾಲಲ್ಲಿ ಚಪ್ಪಲಿ. ರಾತ್ರಿಗೆ ಚೌಕ ತುಂಬಬೇಕಲ್ವಾ, ಹಾಗಾಗಿ ಹಗಲೆಲ್ಲ ಸುತ್ತಮುತ್ತ ನೋಡುತ್ತಲೇ ಓಡಾಡಿದೆ. ನಾನು ಚೇತರಿಸಿಕೊಂಡಿದ್ದು ಅದರಿಂದಲೇ. ಚಿತ್ರ ಚೆನ್ನಾಗಿ ಬಂತಾ ಇಲ್ವಾ ಅನ್ನೋದು ಲೆಕ್ಕಕ್ಕೇ ಇಲ್ಲ.

ಅಳು ಬರೋ ದಿನಗಳು ಈಗಲೂ ಇವೆ. ಆವತ್ತು ಅಳುವ ಮುಖವನ್ನೇ ಬರೆದು, ತಾರೀಖು ಹಾಕಿ ಮಲಗುತ್ತೇನೆ. ನಿದ್ದೆ ಬರುತ್ತದೆ.

ತುಂಬಾ ಥ್ಯಾಂಕ್ಸ್ ಮೇಡಂ. ಮತ್ತೆ ಸಿಕ್ಕರೆ ನಿಮಗೆ ಕಾಫಿ ಕೊಡಿಸಿ, ನೋಟ್‌ಬುಕ್ಕುಗಳನ್ನೆಲ್ಲ ತೋರಿಸಬೇಕು ಅಂತ ಆಸೆ.